ಓಣಿಯ ಬಾಯಲ್ಲಿ ಮುರಿದುಬಿದ್ದ ಎಣ್ಣೆ ಗಾಡಿ

ನಮ್ಮ ಓಣಿಗೆ ಒಂದೇ ಬಾಯಿ. ಪಟ್ಟಣದ ಕೋಟೆಯ ಒಳಗೆ, ದೊಡ್ಡ ಬಾಗಿಲಿನಿಂದ ಎರಡು ಬೀದಿ ಈಚೆ, ಒಂದು ಗಾಡಿ ನುಗ್ಗುವಷ್ಟೇ ಅಗಲ. ಎಡಕ್ಕೆ ಸರ್ಕಾರದ ಉಗ್ರಾಣದ ಗೋಡೆ. ಅದಕ್ಕೆ ನಮ್ಮ ಕಡೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಬಲಕ್ಕೆ ನಮ್ಮ ಐದು ಮನೆಗಳು, ಒಂದರ ಭುಜಕ್ಕೊಂದು ಆನಿಕೊಂಡು ನಿಂತವು. ಹಿತ್ತಿಲ ಗೋಡೆಯ ಆಚೆ ಸಿಡಿಮದ್ದು ತುಂಬಿಟ್ಟ ಮದ್ದಿನ ಮನೆ, ಅಲ್ಲಿ ಯಾವಾಗಲೂ ಕಾವಲು. ಓಣಿಯ ಕೊನೆಗೆ ಮತ್ತೆ ಗೋಡೆ. ಕಳ್ಳರ ಭಯವಿಲ್ಲ, ಕರು ತಪ್ಪಿಸಿಕೊಳ್ಳುವುದಿಲ್ಲ ಎಂದು ನಮ್ಮವ್ವ ಆ ಓಣಿಯನ್ನು ಹೊಗಳುತ್ತಿದ್ದಳು. ಹುಟ್ಟಿದಾಗಿನಿಂದ ಅಲ್ಲೇ ಬೆಳೆದ ನನಗೂ ಅದು ಕೊರತೆಯೆನ್ನಿಸಿರಲಿಲ್ಲ. ಕೋಟೆಯನ್ನು ಮುತ್ತಲು ವೈರಿಯ ದಂಡು ಕೊನೆಯ ಸಲ ಬಂದ ಬೇಸಿಗೆಯ ಒಂದು ಮಧ್ಯಾಹ್ನದವರೆಗೆ.

ನಾನು ಬಡಗಿ. ಗಾಡಿಯ ಕೆಲಸ ನನ್ನದು: ಗಾಲಿ, ನೊಗ, ಮೂಕಿ, ಅಚ್ಚು. ಆ ವರ್ಷ ಚೆನ್ನಾಗಿ ಒಣಗಿದ ಮರವನ್ನೆಲ್ಲ ಫಿರಂಗಿ ಹೊರುವ ತೋಪಿನ ಗಾಡಿಗಳಿಗೆಂದು ಸರ್ಕಾರದವರು ಹೊತ್ತುಕೊಂಡು ಹೋಗಿದ್ದರು. ನನಗೆ ಉಳಿದದ್ದು ಹಸಿ ಕರಿಜಾಲಿ. ಹಸಿ ಮರದಲ್ಲಿ ಅಚ್ಚು ಮಾಡಿದರೆ ಅದು ಒಣಗುವಾಗ ತಾನೇ ತಾನಾಗಿ ಸೀಳು ಬಿಡುತ್ತದೆ. ಗೊತ್ತಿದ್ದೂ ಮಾಡಿಕೊಟ್ಟೆ, ಏಕೆಂದರೆ ಕೇಳಿದವರಿಗೆ ಗಾಡಿ ಬೇಕಿತ್ತು. "ಇನ್ನೊಂದು ತಿಂಗಳು ಭಾರ ಹಾಕಬೇಡಿ" ಎಂದು ಹೇಳಿ ಕಳಿಸುತ್ತಿದ್ದೆ. ಆ ಬೇಸಿಗೆಯಲ್ಲಿ ಭಾರ ಹಾಕದೆ ಇದ್ದ ಗಾಡಿ ಯಾವುದಿತ್ತು?

ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಎಂಟು ತುಂಬಿ ಒಂಬತ್ತರಲ್ಲಿ ಬಿದ್ದಿತ್ತು. ಅಳಿಯನೂ ಬಡಗಿಯೇ, ತೋಪಿನ ಗಾಡಿಗಳ ಜೊತೆ ಗಡಿಯ ಕಡೆ ಹೋದವನಿಂದ ಸುದ್ದಿಯಿರಲಿಲ್ಲ. ದಂಡು ಹತ್ತಿರ ಬಂದಿದೆ, ಈ ದಿನ ಹೊತ್ತು ಮುಳುಗಿದ ಮೇಲೆ ಮುಚ್ಚುವ ಬಾಗಿಲನ್ನು ನಾಳೆ ತೆಗೆಯುವುದಿಲ್ಲ ಎಂದು ಬಾಗಿಲ ಕಾವಲಿನ ಜಮಾದಾರ ನನಗೆ ಬೆಳಿಗ್ಗೆಯೇ ಕಿವಿಯಲ್ಲಿ ಹೇಳಿದ್ದ. ಅವನ ಮನೆಯ ತೊಟ್ಟಿಲು ನಾನು ಮಾಡಿಕೊಟ್ಟದ್ದು, ಆ ಸಲುಗೆ. ನನ್ನ ಹೆಂಡತಿಯ ತವರು ನಾಗಮಂಗಲದ ಪಕ್ಕದ ಹಳ್ಳಿ. ಅವಳ ತಮ್ಮ, ನನ್ನ ಭಾಮೈದ, ಹಿಂದಿನ ದಿನವೇ ದಾರಿಯ ನಡುವಿನ ಹಿರೋಡೆಗೆ ಬಂದು ಇಳಿದಿದ್ದ. ಸರ್ಕಾರದ ಸರಕಿಲ್ಲದ ಹೊರಗಿನ ಗಾಡಿಯನ್ನು ಕೋಟೆಯೊಳಕ್ಕೆ ಬಿಡುತ್ತಿರಲಿಲ್ಲವಾದ್ದರಿಂದ ಬಾಗಿಲಿನ ಆಚೆ ಗಾಡಿ ನಿಲ್ಲಿಸಿಕೊಂಡು ಕಾಯುವುದು, ನಾವು ಮಗಳನ್ನು ನಡೆಸಿಕೊಂಡು ಹೋಗಿ ಅವನ ಗಾಡಿ ಹತ್ತಿಸುವುದು ಎಂದು ಮಾತಾಗಿತ್ತು. ಮುದ್ದೆ ಉಂಡು ಹೊರಟರೆ ವೀಳ್ಯ ಜಗಿದು ಮುಗಿಸುವಷ್ಟರಲ್ಲಿ ಬಾಗಿಲು.

ಉಂಡೆವು. ಹೆಂಡತಿ ಮಗಳ ಸೀರೆ, ಹಳೆ ಬಟ್ಟೆಯ ತುಂಡು, ಬಾಣಂತಿ ಖಾರಕ್ಕೆ ಮೆಣಸು ಇಷ್ಟನ್ನು ಗಂಟು ಕಟ್ಟಿದಳು. ಮಗಳು ದೇವರ ಮೂಲೆಗೆ ಕೈಮುಗಿದು ಹೊಸ್ತಿಲ ಆಚೆಗೆ ಒಂದು ಕಾಲಿಟ್ಟಳು. ಅದೇ ಹೊತ್ತಿಗೆ ಓಣಿಯ ಬಾಯಲ್ಲಿ ಎತ್ತಿನ ಕೊಂಬು ಕಾಣಿಸಿತು, ಅದರ ಹಿಂದೆ ಗಾಡಿ, ಗಾಡಿಯ ಮೇಲೆ ಎರಡು ದೊಡ್ಡ ತೊಗಲಿನ ಚೀಲಗಳು. ಎಮ್ಮೆಗರುವಿನ ಇಡೀ ತೊಗಲನ್ನು ಹದ ಮಾಡಿ ಹೊಲಿದು ಎಣ್ಣೆ ತುಂಬುವ ಚೀಲ ಅದು, ಬುದ್ದಲಿ ಎನ್ನುತ್ತಾರೆ. ಕೋಟೆಯ ಮೇಲಿನ ಪಂಜುಗಳಿಗೆ ಅತ್ತಿಗುಪ್ಪೆ ಕಡೆಯ ಗಾಣದಿಂದ ಬಂದ ಹರಳೆಣ್ಣೆ.

ಅವ್ವ ಹೊಸ್ತಿಲಲ್ಲೇ ಮೊಮ್ಮಗಳ ತೋಳು ಹಿಡಿದಳು. "ಅಯ್ಯೋ, ನಿಲ್ಲವ್ವ ನಿಲ್ಲು! ಎಣ್ಣೆ ಎದುರಾಯ್ತಲ್ಲೇ. ಒಳೀಕೆ ಬಾ."

"ಅಜ್ಜೀ, ಮಾವ ಕಾಯ್ತಾ ಅವ್ನೆ."

"ಕಾಯ್ಲಿ ಬುಡು. ಒಂದ್ ಗಳಿಗೆ ಕೂತ್ಕಂಡು, ಒಂದ್ ಗುಟುಕು ನೀರು ಕುಡ್ದು ಎದ್ರಾಯ್ತು. ತುಂಬಿದ ಬಸುರಿ, ಎಣ್ಣೆ ಎದುರಿಗೆ ಓಗಾದಾ?"

ಗಾಡಿಯ ಗಾಣಿಗ ನನಗಿಂತ ಹತ್ತು ವರ್ಷ ದೊಡ್ಡವನು, ಹಳೆಯ ಗಿರಾಕಿ. ಅವನು ನಮ್ಮ ಓಣಿಗೆ ತಿರುಗಿದ್ದೇ ನನ್ನನ್ನು ನೋಡಲು. ನಾನೇ ಮಾಡಿಕೊಟ್ಟಿದ್ದ ಅಚ್ಚು ದಾರಿಯುದ್ದಕ್ಕೂ ಕಿರುಗುಟ್ಟಿತ್ತಂತೆ. ಅವ್ವನ ಮಾತು ಕೇಳಿ ಅವನು ನಕ್ಕ.

"ಆಗ್ಲಿ ಕಣವ್ವ. ನಮ್ಮೆಣ್ಣೆ ನಿಮ್ ದೇವ್ರ ಮುಂದೆ ಉರೀಬೌದು, ನಿಮ್ ಮುಂದೆ ಮಾತ್ರ ಬರಂಗಿಲ್ಲ. ಉಟ್ಟಿದಾಗಿಂದ ಕೇಳ್ತಾ ಇವ್ನಿ." ಆಮೇಲೆ ನನ್ನ ಕಡೆ ತಿರುಗಿ, "ಆಚಾರ್ರೇ, ಗಾಡೀನ ಗೋಡೆ ಮಗ್ಗುಲಿಗೆ ಒತ್ತಿ ನಿಲ್ಸ್ತೀನಿ. ಈಸು ಜಾಗ ಅದೆ. ಮಗೀನ ಕರ್ಕೊಂಡು ಓಗ್ಬುಡಿ" ಎಂದ.

ಜಾಗವಿತ್ತು. ನನ್ನ ಕಣ್ಣಳತೆ ಈ ವಿಷಯದಲ್ಲಿ ತಪ್ಪುವುದಿಲ್ಲ. ಒಂದು ಮೊಳದ ಮೇಲೆ ನಾಲ್ಕು ಬೆರಳು. ಮಗಳು ಸೆರಗು ಬಿಗಿಮಾಡಿ ಪಕ್ಕವಾಗಿ ನಡೆದಿದ್ದರೆ ಆಚೆ ಬೀದಿ. ಆದರೆ ನಾನು ಅವ್ವನ ಮುಖ ನೋಡಿದೆ. ಅವ್ವನ ಮಾತಿಗೆ ತಲೆಬಾಗಿದೆ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ನನಗೂ ಅದೇ ಅಳುಕು ಇತ್ತು. ಎಣ್ಣೆ ಎದುರಾದರೆ ಸುಮ್ಮನೆ ಮುಂದೆ ಹೋದವರನ್ನು ನಾನು ನೋಡಿಯೇ ಇರಲಿಲ್ಲ.

"ಸೆಟ್ರೇ, ಬೇಜಾರ್ ಮಾಡ್ಕೋಬೇಡಿ. ಒಸಿ ಇಂದಕ್ಕೆ ತಗೊಂಡು ಬೀದೀಲಿ ನಿಲ್ಸಿ. ಮರೆ ಆಗ್ಲಿ. ಒಂದು ಗಳಿಗೆ ಬುಟ್ಟು ನಾವು ಒಂಟ್ಬುಡ್ತೀವಿ" ಎಂದೆ.

"ಇಂದಕ್ಕಾ? ತುಂಬಿದ ಗಾಡಿ ಕಣ್ರೀ ಆಚಾರ್ರೇ."

"ಒಸಿ ನೋಡಿ."

ಮಗಳನ್ನು ಒಳಗೆ ಕೂರಿಸಿ ಅವ್ವ ನೀರು ಕೊಟ್ಟಳು. ಹೊರಗೆ ಗಾಣಿಗ ಎತ್ತುಗಳ ಮೂತಿ ಹಿಡಿದು ಹಿಂದಕ್ಕೆ ತಳ್ಳುತ್ತ ನಾಲಿಗೆಯಲ್ಲಿ ಟಕ್ ಟಕ್ ಎನ್ನುವುದು ಕೇಳುತ್ತಿತ್ತು. ಎಳೆಯಲು ಕಲಿತ ಎತ್ತಿಗೆ ಹಿಂದೆ ಹೋಗುವುದು ಬರುವುದಿಲ್ಲ. ಎಡದ್ದು ಬಂತು, ಬಲದ್ದು ಬರಲಿಲ್ಲ. ಗಾಡಿ ಓರೆಯಾಯಿತು. ಓಣಿಯ ಮೂಲೆಯಲ್ಲಿ, ಗಾಡಿ ತಗುಲಿ ಗೋಡೆ ಉದುರದಿರಲಿ ಎಂದು ನೆಟ್ಟ ಕಲ್ಲೊಂದಿದೆ. ಗಾಲಿ ಅದಕ್ಕೆ ಒತ್ತಿಕೊಂಡಿತು. ನಾನು ಒಳಗಿನಿಂದಲೇ ಆ ಸದ್ದು ಕೇಳಿದೆ. ಹಸಿ ಕರಿಜಾಲಿ ಮುರಿಯುವಾಗ ಒಣಮರದಂತೆ ಫಟ್ ಎನ್ನುವುದಿಲ್ಲ. ಬಟ್ಟೆ ಹರಿದ ಹಾಗೆ ಉದ್ದಕ್ಕೆ ಹರಿಯುತ್ತದೆ.

ಓಡಿ ಬಂದು ನೋಡಿದರೆ ಓಣಿಯ ಬಾಯಿಗೆ ಬಿರಡೆ ಹಾಕಿದಂತೆ ಗಾಡಿ ಕೂತಿತ್ತು. ಮೂಕಿ ನಮ್ಮ ಕಡೆಗೆ, ಹಿಂಭಾಗ ಬೀದಿಗೆ. ಬಲಗಾಲಿ ಅಡಿಗೆ ಮಡಚಿಕೊಂಡು, ಒಂದು ಬುದ್ದಲಿ ಜಾರಿ ಗಾಡಿಗೂ ಗೋಡೆಗೂ ನಡುವೆ ಕಚ್ಚಿಕೊಂಡಿತ್ತು. ಇನ್ನೊಂದು ಮೇಲೆ ಉಬ್ಬಿ ಕೂತಿತ್ತು. ಇಲಿ ನುಸುಳುವಷ್ಟು ಸಂದು ಮಾತ್ರ ಇತ್ತು.

ಎತ್ತು ಬಿಚ್ಚಿ ನಮ್ಮ ಜಗಲಿಯ ಕಂಬಕ್ಕೆ ಕಟ್ಟಿದೆವು. ಐದು ಮನೆಯಲ್ಲಿ ಆ ಹೊತ್ತಿಗೆ ಇದ್ದ ಗಂಡಸರು ನಾನು, ಗಾಣಿಗ, ಪಕ್ಕದ ಮನೆಯ ಕಮ್ಮಾರ, ಮೂವರೇ. ಮಿಕ್ಕವರು ಗೋಡೆ ಕೆಲಸಕ್ಕೆ ಬಿಟ್ಟಿ ಹೋಗಿದ್ದರು. ಮೂವರೂ ಹೆಗಲು ಕೊಟ್ಟೆವು. ಗಾಡಿ ಅಲ್ಲಾಡಲಿಲ್ಲ. ನಾನು ಒಂದು ಹಲಗೆ ತಂದು ಗಾಡಿಯ ಮೇಲೆ ಸೇತುವೆಯಂತೆ ಹಾಸಿದೆ. ನನ್ನ ಹೆಂಡತಿ ಮೊದಲು ಹತ್ತಿ ನೋಡುತ್ತೇನೆಂದಳು. ಅಡಿಯಲ್ಲಿ ಬುದ್ದಲಿ ಮಿಸುಕಿತು, ಹಲಗೆ ಜಾರಿತು, ಅವಳು ಮೊಣಕಾಲು ತರಚಿಕೊಂಡು ಬಿದ್ದಳು. ಮಗಳು ಗಾಡಿಯ ಕಡೆ ಮುಂದಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದಳು.

"ಎಣ್ಣೆ ಬಸೀದೆ ಇದು ಏಳಾಕಿಲ್ಲ" ಎಂದ ಕಮ್ಮಾರ.

ಗಾಣಿಗನ ಮುಖ ಬಾಡಿತು. "ಬಾಯಿಗೆ ಸರ್ಕಾರದ ಮೊಹರು ಅದೆ ಕಣಪ್ಪ. ಅರಗು ಒಡುದ್ರೆ ನನ್ ಕೈ ನಂದಲ್ಲ."

ಉಗ್ರಾಣದ ಗೋಡೆಯ ನೆರಳು ಆಗಲೇ ಓಣಿಯ ಅರ್ಧಕ್ಕೆ ಬಂದಿತ್ತು. ಆ ನೆರಳು ನಮ್ಮ ಜಗಲಿ ಹತ್ತಿ, ಗೋಡೆ ಹತ್ತಿ, ಹೆಂಚಿಗೆ ಮುಟ್ಟಿದರೆ ಹೊತ್ತು ಮುಳುಗಿತೆಂದು ನಮ್ಮ ಲೆಕ್ಕ. ಮಗಳು ಜಗಲಿಯ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಾಣಿಗ ಅವಳನ್ನು ಒಂದು ಸಲ ನೋಡಿದ, ಗಾಡಿಯನ್ನು ಒಂದು ಸಲ ನೋಡಿದ. ಆಮೇಲೆ ಮೆಲ್ಲಗೆ, ಯಾರಿಗೂ ಹೇಳಬಾರದ ಮನೆಯ ಗುಟ್ಟು ಹೇಳುವವನಂತೆ, "ಬಾಯಿಗೆ ತಾನೇ ಮೊಹರು ಆಕಿರಾದು. ಕಾಲಿಗೆ ಆಕಿಲ್ಲ" ಎಂದ.

ನಮಗೆ ಅರ್ಥವಾಗಲಿಲ್ಲ. ಅವನು ಬುದ್ದಲಿಯ ಅಡಿಗೆ ಕೈ ಹಾಕಿ ತೋರಿಸಿದ. ಇಡೀ ತೊಗಲಿನ ಚೀಲವಾದ್ದರಿಂದ ಕರುವಿನ ನಾಲ್ಕು ಕಾಲಿನ ಜಾಗದಲ್ಲಿ ನಾಲ್ಕು ಮೊಂಡು ತುದಿಗಳಿರುತ್ತವೆ. ಅವನ್ನು ಸುತ್ತಿ ತೊಗಲಿನ ಬಾರಿನಿಂದ ಬಿಗಿದಿರುತ್ತಾರೆ. ಹಿಂಗಾಲಿನ ಬಾರು ಬಿಚ್ಚಿದರೆ ಅಲ್ಲೊಂದು ಹೆಬ್ಬೆರಳಿನಷ್ಟು ದಾರಿ.

ಕಮ್ಮಾರ ನಕ್ಕ. "ಓಹೋ, ಇಂಗೋ ಸಮಾಚಾರ! ನಿಮ್ಮನೆ ದೀಪ ಯಾವತ್ತೂ ಯಾಕೆ ಆರಾಕಿಲ್ಲ ಅಂತ ಈಗ ಗೊತ್ತಾಯ್ತು ಸೆಟ್ರೇ."

"ಮುಚ್ಕೊಂಡು ಒಂದ್ ಅಂಡೆ ತಾರ್ಲಾ" ಎಂದ ಗಾಣಿಗ.

ಏಣಿ ಹಾಕಿ ಮೇಲಿನ ಬುದ್ದಲಿಯಿಂದ ಶುರುಮಾಡಿದೆವು. ಬಾರು ಬಿಚ್ಚಿದಾಗ ಎಣ್ಣೆ ಹಾರಿ ಬರುತ್ತದೆ ಎಂದುಕೊಂಡಿದ್ದೆ. ಹರಳೆಣ್ಣೆ ಅವಸರದ ಜಾತಿಯಲ್ಲ. ಹುರಿ ಹಗ್ಗದಂತೆ ಒಂದೇ ಎಳೆಯಾಗಿ, ಹೊಳೆಯುತ್ತ, ಸದ್ದಿಲ್ಲದೆ ಇಳಿಯಿತು. ಹಂಡೆಯ ತಳದಲ್ಲಿ ಮಡಿಕೆ ಮಡಿಕೆಯಾಗಿ ಬಿದ್ದು ನಿಧಾನಕ್ಕೆ ಸಮವಾಯಿತು. ನಾನು ನೋಡುತ್ತ ನಿಂತೆ. ಸುರಿದದ್ದು ನೀರಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸಿತು.

ಹಂಡೆ ತುಂಬಿತು. ಎರಡು ಗುಡಾಣ ತುಂಬಿದವು. ಆಮೇಲೆ ಪಾತ್ರೆಯ ಪೇಚಾಟ. ಸರ್ಕಾರದ ಎಣ್ಣೆ ಮನೆಯ ಪಾತ್ರೆಯಲ್ಲಿ ಸಿಕ್ಕರೆ ಏನು ಗತಿ ಎಂದು ಉಳಿದ ಮನೆಯವರು ಬಾಗಿಲ ಸಂದಿಯಿಂದ ಇಣುಕುತ್ತಿದ್ದರು. ನನ್ನ ಹೆಂಡತಿ ಓಣಿಯ ನಡುವೆ ನಿಂತು ಕೂಗಿದಳು. "ಏನ್ರವ್ವ, ನಿಮ್ಮನೇಲಿ ಬಸುರಿ ಇಲ್ವಾ, ಬಾಣಂತಿ ಇಲ್ವಾ? ಮಡಕೆ ಕೇಳಿದ್ರೆ ಮಗೂನ ಕೇಳ್ದಂಗಾಡ್ತೀರಲ್ಲ!" ಆಗ ಒಬ್ಬಳು ಕೊಡ ತಂದಳು, ಅವಳ ಹಿಂದೆ ಇನ್ನೊಬ್ಬಳು ಬಾನಿ ತಂದಳು. ದನಕ್ಕೆ ಕಲಗಚ್ಚು ಇಡುವ ಬಾನಿಯೂ ಬಂತು. ಕೊನೆಗೆ ನಾನು ಒಳಗಿನಿಂದ ಮರಿಗೆ ತಂದೆ. ಮಗುವಿಗೆ ನೀರೆರೆಯಲು ಒಂದೇ ತುಂಡು ಮರದಲ್ಲಿ ಕೊರೆದಿದ್ದ ತೊಟ್ಟಿ ಅದು. ಅದಕ್ಕೆ ಇನ್ನೂ ನೀರು ಮುಟ್ಟಿಸಿರಲಿಲ್ಲ. ಮಗಳು ನೋಡಿದಳು. ಹೊಸ ಮರ ಎಣ್ಣೆಯನ್ನು ಗಟಗಟನೆ ಕುಡಿದು ಕಪ್ಪಗಾಯಿತು.

ಚೀಲ ಸೊರಗಿದಂತೆ ಎಳೆ ಸಣ್ಣಗಾಯಿತು. ಗಾಣಿಗ ಚೀಲದ ಮೇಲೆ ಹತ್ತಿ ಕಾಲಿನಿಂದ ತುಳಿಯತೊಡಗಿದ. ಮಣ್ಣು ತುಳಿಯುವ ಕುಂಬಾರನಂತೆ ಗೋಡೆ ಹಿಡಿದುಕೊಂಡು ಒಂದೇ ಸಮನೆ ಹೆಜ್ಜೆ. ಬೆವರು ಎಣ್ಣೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಪ್ಪ, ಎಷ್ಟಾಯ್ತು?" ಎಂದು ಮಗಳು ಕೇಳಿದಳು.

"ಇನ್ನೇನ್ ಬಂತು ಕಣವ್ವ."

"ಆಗ್ಲಿಂದ ಅದೇ ಏಳ್ತಿದ್ದೀಯಲ್ಲ. ಇದು ಬಸ್ದು ಮುಗಿಯೋ ಒತ್ಗೆ ನಾನೇ ಮಗೀನ ಅಡೆದ್ಬುಡ್ತೀನಿ ನೋಡು."

ಗಾಣಿಗ ಮೇಲಿನಿಂದಲೇ, "ಅಂಗಾದ್ರೆ ಮಗೀಗೆ ಅರಳೆಣ್ಣೆಗೇನು ಬರ ಇಲ್ಲ ಬುಡವ್ವ" ಎಂದ. ಮಗಳು ನಕ್ಕಳು. ಅವ್ವ ನಗಲಿಲ್ಲ. ಅವಳು ಹೊಸ್ತಿಲ ಒಳಗೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು, ಎಣ್ಣೆಯ ಕಡೆ ಮುಖ ಮಾಡಬಾರದೆಂದು.

ನೆರಳು ಜಗಲಿ ಹತ್ತಿ, ಮಗಳ ಪಾದಕ್ಕೆ ಬಂದು, ಗಂಟಿಗೆ ಬಂತು. ಮೊದಲ ಬುದ್ದಲಿ ಬರಿದಾಯಿತು. ಗೋಡೆಗೆ ಕಚ್ಚಿಕೊಂಡ ಎರಡನೆಯದರ ಕಾಲು ನಮ್ಮ ಕಡೆಗೆ ಇರಲಿಲ್ಲ. ಗಾಣಿಗ ಗಾಡಿಯ ಅಡಿಗೆ ಹೊಟ್ಟೆಯ ಮೇಲೆ ತೆವಳಿಹೋಗಿ, ಕಣ್ಣಿಗೆ ಕಾಣದ ಬಾರನ್ನು ಬೆರಳಿನಿಂದಲೇ ಹುಡುಕಿ ಬಿಚ್ಚಿದ. ಅಲ್ಲಿಗೆ ಪಾತ್ರೆ ಹೋಗುವಂತಿರಲಿಲ್ಲ. ತಟ್ಟೆ ತುಂಬಿಸಿ ಎಳೆದುಕೊಳ್ಳುವುದು, ಬಾನಿಗೆ ಸುರಿಯುವುದು, ಮತ್ತೆ ತಳ್ಳುವುದು. ನೆಲಕ್ಕೆ ಚೆಲ್ಲಿದ್ದು ಚೆಲ್ಲಿತು. ಅರ್ಧ ಬಸಿದಿರಬೇಕು, ನಾನು ತಡೆಯಲಾರದೆ, "ಸಾಕು, ಈಗ ಎತ್ತಿ ನೋಡಾನ" ಎಂದೆ.

ಒನಕೆಯಷ್ಟು ದಪ್ಪದ ಗಳು ತಂದು ಅಚ್ಚಿನ ಅಡಿಗೆ ಮೀಟುಗೋಲು ಕೊಟ್ಟೆ. ಕಮ್ಮಾರ ಅದರ ತುದಿಗೆ ಜೋತುಬಿದ್ದ. ಗಾಣಿಗನೂ ನನ್ನ ಹೆಂಡತಿಯೂ ಮೂಕಿಯ ಕಡೆಯಿಂದ ತಳ್ಳಿದರು. ಗಾಡಿ ಒಂದು ಗೇಣು ಎದ್ದಿತು. ನಾನು ಕಲ್ಲು ತುರುಕಿದೆ. ಇನ್ನೊಂದು ಗೇಣು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಕದ ಮುಚ್ಚುವ ನಗಾರಿ ಕೇಳಿಸಿತು.

ನಾನು ಬುದ್ದಲಿಯನ್ನು ಕೈಯಿಂದ ಕಿತ್ತು ಪಕ್ಕಕ್ಕೆ ಎಳೆದೆ. ಗಾಡಿ ಉಗ್ರಾಣದ ಗೋಡೆಯ ಕಡೆಗೆ ವಾಲಿತು. ಒಂದು ಮೊಳಕ್ಕಿಂತ ತುಸು ಹೆಚ್ಚು ಸಂದು ಬಿತ್ತು. "ಮೆತ್ತಗೆ ಕರ್ಕೊಂಡು ಬಾ, ಜಾರ್ತದೆ, ನಾನು ಬಾಗ್ಲು ತಡೀತೀನಿ" ಎಂದು ಹೆಂಡತಿಗೆ ಹೇಳಿ ಓಡಿದೆ. ಎಣ್ಣೆ ಮೆತ್ತಿದ ಅಂಗಾಲು, ಎರಡು ಸಲ ಬಿದ್ದೆ.

ಬಾಗಿಲಿಗೆ ಹೋದಾಗ ದೊಡ್ಡ ಕದಗಳು ಕೂಡಿದ್ದವು. ಅದರೊಳಗಿನ ದಿಡ್ಡಿ ಬಾಗಿಲು ಮಾತ್ರ ತೆರೆದಿತ್ತು. ಅದಕ್ಕೆ ಅಡ್ಡವಾಗಿ ಜಮಾದಾರ ನಿಂತಿದ್ದ. ಅವನ ತೋಳಿನ ಕೆಳಗಿನಿಂದ, ಆಚೆ, ನನ್ನ ಭಾಮೈದನ ಮುಖ ಕಂಡಿತು.

"ಭಾವ! ಎಲ್ಲಿ ಅಕ್ಕನ ಮಗ್ಳು? ಆಗ್ಲಿಂದ ಇವ್ರ ಕಾಲಿಡ್ಕೊಂಡು ನಿಲ್ಸಿವ್ನಿ."

"ಬತ್ತಾವ್ಳೆ. ಬೀದಿ ತಿರುವಿಗೆ ಬಂದವ್ಳೆ. ಒಂದೇ ಗಳಿಗೆ ಜಮಾದಾರ್ರೇ."

ಜಮಾದಾರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೈಯೆಲ್ಲ ಎಣ್ಣೆ. "ಅರೆ ಆಚಾರಿ, ಏನಿದು ಅವಸ್ಥೆ ನಿಂದು? ಬೆಳಿಗ್ಗೆ ಹೇಳಿಲ್ವಾ ನಾನು?" ಎಂದ. ಆಮೇಲೆ ದನಿ ತಗ್ಗಿಸಿ, "ಮೇಲೆ ನೋಡ್ಬೇಡ. ಬುರುಜಿನ ಮೇಲೆ ಕಿಲ್ಲೇದಾರರು ನಿಂತವ್ರೆ. ನಗಾರಿ ನಿಂತ ಮೇಲೆ ಒಬ್ರನ್ನ ಬುಟ್ರೂ ನನ್ನ ಕತೆ ಖತಂ. ಈಗ ಇಲ್ಲಿ ಇರೋನು ನೀನೊಬ್ನೇ. ಹೋಗ್ತೀಯಾ? ಹೋಗೋದಾದ್ರೆ ಈಗ್ಲೇ ದಾಟು" ಎಂದ.

ನಗಾರಿ ಇನ್ನೂ ಬಡಿಯುತ್ತಿತ್ತು. ನಾನು ಹಿಂದೆ ತಿರುಗಿ ನೋಡಿದೆ. ಬೀದಿಯ ತಿರುವಿನಲ್ಲಿ ಯಾರೂ ಇರಲಿಲ್ಲ. ಭಾಮೈದ ಕೈ ಚಾಚಿದ. ಆ ಕೈ ಹಿಡಿದರೆ ನಾನು ಹಿರೋಡೆಯಲ್ಲಿ ಉಂಡು ಮಲಗಬಹುದಿತ್ತು. ನಾನು ಅದನ್ನು ಹಿಡಿಯಲಿಲ್ಲ, ಬೇಡವೆನ್ನಲೂ ಇಲ್ಲ. ನಗಾರಿ ನಿಂತಿತು. ಜಮಾದಾರ ನನ್ನ ಎದೆಗೆ ಅಂಗೈಯಿಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿ ದಿಡ್ಡಿ ಬಾಗಿಲು ಹಾಕಿದ. ಅಗುಳಿಯ ಮರ ಒಳ್ಳೆಯ ತೇಗ. ಕೈಗೆ ಕೆಲಸವಿಲ್ಲದೆ ನಾನು ಅದನ್ನೇ ನೋಡುತ್ತಿದ್ದೆ.

ಮನೆಯ ಕಡೆ ತಿರುಗಿದೆ. ತಿರುವಿನಲ್ಲಿ ಅವರು ಸಿಕ್ಕರು. ಮಗಳು ತಾಯಿಯ ಹೆಗಲ ಮೇಲೆ ಕೈಹಾಕಿಕೊಂಡು, ಒಂದೊಂದೇ ಹೆಜ್ಜೆ ಊರಿಕೊಂಡು ಬರುತ್ತಿದ್ದಳು. ನನ್ನನ್ನು ಕಂಡು ಅಲ್ಲೇ ನಿಂತಳು. ನನ್ನ ಮುಖದಲ್ಲಿ ಏನಿತ್ತೋ, ಬಾಗಿಲಿನ ಮಾತು ಅವಳು ಕೇಳಲೇ ಇಲ್ಲ.

"ಮಾವ ಓದ್ನಾ?"

"ಓದ."

"ಎತ್ತಿಗೆ ನೀರು ಕುಡಿಸಿದ್ನಂತಾ? ಬೆಳಿಗ್ಗೆಯಿಂದ ಬಿಸ್ಲಲ್ಲೇ ಕಟ್ಟಿರ್ತಾನೆ."

"ಕೇಳಲಿಲ್ಲ ಕಣವ್ವ" ಎಂದೆ.

ಮೂವರೂ ಓಣಿಗೆ ವಾಪಸು ಬಂದೆವು. ಸಂದಿಯಲ್ಲಿ ಮಗಳನ್ನು ನಾನೇ ಕೈಹಿಡಿದು ದಾಟಿಸಿದೆ. ಗಾಣಿಗ ಗೋಡೆಗೆ ಒರಗಿ, ತುಂಬಿದ ಮಡಕೆಗಳ ನಡುವೆ ಕೂತಿದ್ದ. ಅವನ ಊರೂ ಈಗ ಬಾಗಿಲಿನ ಆಚೆಯೇ. ನಮ್ಮನ್ನು ಕಂಡು ಎದ್ದು ನಿಂತ. ತಲೆಯ ಬಟ್ಟೆ ತೆಗೆದು ಕೈಯಲ್ಲಿ ಮುದುಡಿಕೊಂಡ. ಹೇಳಬೇಕಾದದ್ದು ನನ್ನ ಬಾಯಿಂದ ಬರಬೇಕಿತ್ತು. "ಸೆಟ್ರೇ, ನೀವು ಜಾಗ ಅದೆ ಅಂದಿದ್ರಿ" ಎಂದೆ. ಅಷ್ಟೇ ಆಯಿತು. ಅವನು "ಬುಡಿ ಆಚಾರ್ರೇ, ಒಂದ್ ಚೊಂಬು ನೀರು ಕೊಡ್ಸಿ" ಎಂದ.

ಅವ್ವ ದೀಪ ಹಚ್ಚುತ್ತಿದ್ದಳು. ಮೊಮ್ಮಗಳು ಒಳಗೆ ಬಂದದ್ದು ಕಂಡು ಬತ್ತಿ ಸರಿಮಾಡುತ್ತಲೇ ಹೇಳಿದಳು: "ಓಗ್ಲಿ ಬುಡು ಮಗ, ಇವತ್ತಿನ ಒತ್ತೇ ಸರಿ ಇರ್ನಿಲ್ಲ. ನಾಳೆ ಕೋಳಿ ಕೂಗೋ ಒತ್ಗೆ ಎಬ್ಬಿಸ್ತೀನಿ. ಬೀದೀಲಿ ಯಾರೂ ಎದುರಾಗೋಕೆ ಮುಂಚೆ ಒಂಟ್ಬುಡಿ."

ನಾಳೆ ಬಾಗಿಲು ತೆಗೆಯುವುದಿಲ್ಲವೆಂದು ಅವಳಿಗೆ ನಾವು ಹೇಳಿರಲಿಲ್ಲ. ಹೆದರುತ್ತಾಳೆಂದು ಬೆಳಿಗ್ಗೆ ಬಚ್ಚಿಟ್ಟಿದ್ದೆವು. ಹೇಳಿದ್ದರೆ ಅವಳೇ ಮೊಮ್ಮಗಳನ್ನು ಎಣ್ಣೆಯ ಮುಂದೆ ತಳ್ಳಿ ಕಳಿಸುತ್ತಿದ್ದಳೋ ಏನೋ. ಆ ಯೋಚನೆ ನನಗೆ ಬಂದದ್ದು ಆಗಲೇ. ಹೆಂಡತಿ ನನ್ನ ಕಡೆ ನೋಡಿದಳು. ನಾನು "ಆಗ್ಲಿ ಕಣವ್ವ" ಎಂದೆ.

ಮಗಳು ಗಂಟು ಬಿಚ್ಚಿದಳು. ಸೀರೆಯನ್ನು ಗಳುವಿಗೆ ಹಾಕಿದಳು, ಮೆಣಸನ್ನು ಮಡಕೆಗೆ ಸುರಿದಳು. ಆಮೇಲೆ ನನ್ನ ಕೆಲಸದ ಕೋಣೆಯ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದಳು.

"ಅಪ್ಪ, ಈ ಮೂಲೆ ಮರ ಎಲ್ಲ ಆಚೆಗೆ ಆಕ್ಕೊಡ್ತೀಯಾ? ಮದ್ದಿನ್ ಮನೆಯಿಂದ ದೂರ ಇರಾದು ಇದೇ. ಗೋಡೇನೂ ದಪ್ಪ ಅದೆ."

ನಾನು ಒಂದೊಂದಾಗಿ ಹಲಗೆ ಹೊರಹಾಕತೊಡಗಿದೆ. ಗಾಣಿಗನೂ ಎದ್ದು ಬಂದು ಇನ್ನೊಂದು ತುದಿ ಹಿಡಿದ. ಯುಗಾದಿ ಕಳೆದು, ಗುಂಡುಗಳು ಹೆಂಚಿನ ಮೇಲೆ ಬೀಳತೊಡಗಿದ ಮೇಲೆ, ಆ ಮೂಲೆಯಲ್ಲಿಯೇ ಮಗು ಹುಟ್ಟಿತು. ಹೆಣ್ಣು. ಮಗಳು ನಾಲ್ಕು ದಿನ ಜ್ವರದಲ್ಲಿ ಮಲಗಿ ಎದ್ದಳು. ದಂಡು ಕೋಟೆ ಒಡೆದು ನುಗ್ಗಿ ಬಾಗಿಲು ತೆರೆಯುವವರೆಗೂ ನಾವು ಆರು ಜೀವ ಆ ಓಣಿಯಲ್ಲೇ ಇದ್ದೆವು, ಗಾಣಿಗನೂ ಸೇರಿ.